ಆಂಟಿಯ ಕೊರಳಿನ ಪಿನ್ನು

ಹೋದ ತಿಂಗಳು ಡರ್ಹಮ್‌ಗೆ ಒಂದು ಮದುವೆಗೆ ಹೊರಟಿದ್ದೆ. ಸೆರಗಿಗೆ ಹಾಕಲು ಪಿನ್ನು ಹುಡುಕುತ್ತ ಬಳೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದಾಗ ಅದು ಸಿಕ್ಕಿತು. ಕಂಬಳಿಗೂ ಚುಚ್ಚಬಹುದಾದಂಥ ದಪ್ಪ ಪಿನ್ನು, ತುದಿ ಒಂಚೂರು ಬಾಗಿದೆ. ಕೈಗೆ ಬಂದ ಕೂಡಲೇ ಯಾರದು ಅಂತ ಗೊತ್ತಾಯಿತು. ಸೀರೆ ಅರ್ಧ ಉಟ್ಟವಳು ಹಾಗೇ ಮಂಚದ ಮೇಲೆ ಕೂತುಬಿಟ್ಟೆ...

ಇಲ್ಲಿ ಅಮೆರಿಕದ ಸುವಾನಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಇದ್ದ ಆಂಟಿಯದು ಅದು. ಗದಗಿನ ಕಡೆಯವರು. ಜಾರ್ಜಿಯಾದ ಬೇಸಿಗೆಯಲ್ಲಿ ನಾವೆಲ್ಲ ತೋಳಿಲ್ಲದ ಅಂಗಿ ಹಾಕಿಕೊಂಡೂ ಬೇಯುತ್ತಿದ್ದರೆ, ಅವರು ಮಾತ್ರ ಕತ್ತಿನವರೆಗೆ ಮುಚ್ಚುವ ಬ್ಲೌಸು ತೊಟ್ಟು, ಮೇಲೆ ಸೆರಗೋ ದುಪಟ್ಟಾವೋ ಹೊದ್ದು, ಅದಕ್ಕೊಂದು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ಅಜ್ಜಿ ಕಾಲದವರು ಅಂತ ನಾವು ಹಿಂದಿನಿಂದ ನಗುತ್ತಿದ್ದೆವು. ಪಕ್ಕದಲ್ಲಿ ಕೂತರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳಿಸುತ್ತಿತ್ತು. ಕೈಗಡಿಯಾರದ್ದಿರಬೇಕು ಅಂದುಕೊಂಡಿದ್ದೆ. ಅವರು ಗಡಿಯಾರವನ್ನೇ ಕಟ್ಟುತ್ತಿರಲಿಲ್ಲ ಅನ್ನುವುದು ನನಗೆ ಎಷ್ಟೋ ಕಾಲ ಹೊಳೆಯಲೇ ಇಲ್ಲ.

ಕೊರೋನಾ ಸ್ವಲ್ಪ ಇಳಿದಿದ್ದ ಆ ದಿನಗಳಲ್ಲಿ ನಾವು ಕೆಲವರು ಸೇರಿ ಒಂದು ಪುಟ್ಟ ಸೇವಾ ಸಂಸ್ಥೆ ನಡೆಸುತ್ತಿದ್ದೆವು. ಆಫ್ರಿಕಾದ ಮಲಾವಿಯಲ್ಲಿರುವ ಇನ್ನೊಂದು ಸಂಸ್ಥೆಯ ಜೊತೆ ಕೈಜೋಡಿಸಿದ್ದೆವು. ಮಕ್ಕಳಿಗೆ ಗಂಟಲು ನೋವು, ಜ್ವರ ಬರುತ್ತದೆ, ಯಾರೂ ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ಅದೇ ಕೆಲವರಲ್ಲಿ ಮುಂದೆ ಹೃದಯದ ಕವಾಟವನ್ನು ಹಾಳುಮಾಡುತ್ತದೆ. ಮೊದಲೇ ಗೊತ್ತಾದರೆ ತಿಂಗಳಿಗೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ತಡೆಯಬಹುದು. ಔಷಧಿಯ ವ್ಯವಸ್ಥೆ ನಮ್ಮದು, ಹಳ್ಳಿಗಳಿಗೆ ಹೋಗಿ ಕೊಡುವ ಕೆಲಸ ಅವರದು. ಶನಿವಾರ ಬೆಳಿಗ್ಗೆ ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದೆವು. ಆಂಟಿಗೆ ಲ್ಯಾಪ್‌ಟಾಪಿನ ತಂಟೆ ಬೇಡವಾಗಿತ್ತು, ನಮ್ಮ ಊಟದ ಮೇಜಿಗೇ ಬಂದು ನನ್ನ ಪಕ್ಕ ಕೂರುತ್ತಿದ್ದರು. ಆ ಕಡೆಯಿಂದ ಮಾತಾಡುತ್ತಿದ್ದವರು ಒಬ್ಬ ನರ್ಸ್, ನಮಗೆಲ್ಲ ಅವರು ಸಿಸ್ಟರ್.

ಒಂದು ಶನಿವಾರ ಸಿಸ್ಟರ್ ಬೇಸರದಲ್ಲಿದ್ದರು. ಔಷಧಿ ಇದೆ, ಆದರೆ ಹುಡುಗಿಯರೇ ಬರುತ್ತಿಲ್ಲ ಅಂದರು. ಇಂಜೆಕ್ಷನ್ನಿಗೆ ಹೋಗುವುದನ್ನು ಅಕ್ಕಪಕ್ಕದವರು ನೋಡಿದರೆ ಹೃದಯದ ಕಾಯಿಲೆಯವಳು ಅಂತ ಹೆಸರು ಬೀಳುತ್ತದೆ, ಆಮೇಲೆ ಯಾರೂ ಮದುವೆಯಾಗುವುದಿಲ್ಲ ಅಂತ ತಾಯಂದಿರೇ ಅವರನ್ನು ಮನೆಯಲ್ಲಿ ಬಚ್ಚಿಡುತ್ತಾರಂತೆ. "ನಿಮ್ಮ ಜನರಲ್ಲಿ ಇದನ್ನು ಹೇಗೆ ದಾಟಿದಿರಿ?" ಅಂತ ಕೇಳಿದರು. ನಮ್ಮ ಕಮಿಟಿಯ ಹಿರಿಯ ಡಾಕ್ಟರು ಗಂಟಲು ಸರಿಮಾಡಿಕೊಂಡು, ನಮ್ಮಲ್ಲಿ ಅದೆಲ್ಲ ಹಳೇ ಕಾಲದ ಮಾತು, ವಿದ್ಯೆ ಬಂದ ಮೇಲೆ ಹೋಯಿತು ಅಂದರು. ನಾವೆಲ್ಲ ತಲೆಯಾಡಿಸಿದೆವು. ಆಂಟಿ ಆಡಿಸಲಿಲ್ಲ.

ಮರುದಿನ ನನ್ನನ್ನು ತಮ್ಮ ಮನೆಗೆ ಕರೆದರು. ಹಿತ್ತಿಲ ಕಡೆಯ ಮರದ ಡೆಕ್‌ನಲ್ಲಿ ಕೂರಿಸಿ, ಚಹಾ ಕೊಟ್ಟು, ಪಿನ್ನು ತೆಗೆದು ಕತ್ತಿನ ಗುಂಡಿ ಬಿಚ್ಚಿದರು. ಎದೆಯ ನಡುವೆ ಉದ್ದಕ್ಕೂ ಹೊಲಿಗೆಯ ಗುರುತು.

"ನಂದೂ ಅದೇ ಜಡ್ಡವಾ. ಸಣ್ಣಾಕಿ ಇದ್ದಾಗ ಗಂಟಲ ಬ್ಯಾನಿ ಬಂದಿತ್ತು. ಇಲ್ಲಿ ಬಂದು, ಮಗಳು ಹುಟ್ಟಿದಮ್ಯಾಲೆ ವಾಲ್ವ್ ಚೇಂಜ್ ಮಾಡಿದ್ರು. ಟಿಕ್ ಟಿಕ್ ಅಂತದಲ್ಲ, ಅದು ಅದರದೇ ಸಪ್ಪಳ. ಯಾರ ಮುಂದೂ ಹೇಳಬ್ಯಾಡ ಅಂತ ನಮ್ಮವ್ವ ಆಣಿ ಹಾಕಿಸ್ಕೊಂಡಿದ್ಲು... ನಾ ವಿಡಿಯೋದಾಗ ಹೇಳ್ತೀನಿ. ಆ ತಾಯಂದ್ರು ನೋಡ್ಲಿ."

ನನಗೆ ಖುಷಿಯಾಯಿತು, ಜೊತೆಗೆ ಅಳುಕೂ ಆಯಿತು. ಆಗಷ್ಟೇ ಅವರ ಮಗಳಿಗೂ, ಅಲ್ಫರೆಟಾದಲ್ಲಿರುವ ನನ್ನ ಅಕ್ಕನ ಮಗನಿಗೂ ಮದುವೆಯ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ನಡುವೆ ನಿಂತು ಸಂಬಂಧ ತಂದವಳು ನಾನೇ. ಆ ಮಾತೆತ್ತಿದರೆ ಆಂಟಿ ನಕ್ಕುಬಿಟ್ಟರು. "ನಿಮ್ಮಕ್ಕ ಫಾರ್ಮಸಿಸ್ಟ್ ಅದಾಳ. ಆಕಿಗೆ ತಿಳೀತದ ಬಿಡು" ಅಂದರು.

ನನ್ನ ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ಆಂಟಿ ಪಿನ್ನು ಬಿಚ್ಚಿ ಹಿಡ್ಕೋ ಅಂತ ನನ್ನ ಕೈಗೆ ಕೊಟ್ಟರು, ಅದು ನನ್ನ ಹತ್ತಿರವೇ ಉಳಿದುಹೋಯಿತು. ಗುರುತು ತೋರಿಸಿ, ಸಿಸ್ಟರ್ ಅಲ್ಲಿಯವರಿಗೆ ತಿಳಿಸಲಿ ಅಂತ ಇಂಗ್ಲಿಷಿನಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಕೊನೆಗೆ ನನ್ನತ್ತ ಕೈ ತೋರಿಸಿ, ನನ್ನ ಮಗಳು ಇವರ ಮನೆತನಕ್ಕೇ ಸೊಸೆಯಾಗಿ ಹೋಗುತ್ತಾಳೆ ಅಂತ ಸೇರಿಸಿದರು. ಆಗಿನ ಅವರ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ನಮ್ಮವರ ವಾಟ್ಸಾಪ್ ಗುಂಪಿಗೂ ಹಾಕು ಅಂದರು, ಹಾಕಿದೆ.

ಸಂಜೆಯೊಳಗೆ ಅಕ್ಕನ ಫೋನು ಬಂತು.

"ಏನೇ ಇದು? ಮೊದಲೇ ಹೇಳ್ಬಾರ್ದಿತ್ತಾ?"

"ಅಕ್ಕಾ, ಅದು ಇನ್‌ಫೆಕ್ಷನ್ನಿಂದ ಆಗಿದ್ದು. ಮಗಳಿಗೆ ಬರೋದಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು ಕಣೇ. ದಿನಾ ಅಂಥವ್ರಿಗೆ ಮಾತ್ರೆ ಕೊಡೋಳೇ ನಾನು. ಆದ್ರೆ ಜನ ಕೇಳ್ತಾರಲ್ಲ... ಸದ್ಯಕ್ಕೆ ಬೇಡ ಅಂತ ನೀನೇ ಒಂದ್ಮಾತು ಹೇಳ್ಬಿಡು."

"ನಾನು ಹೇಳಲ್ಲ. ಬೇಡ ಅಂದ್ರೆ ನೀನೇ ಹೇಳು."

ಅವಳು ಹೇಳಲಿಲ್ಲ. ಆಂಟಿಯ ಫೋನು ಎತ್ತುವುದನ್ನು ನಿಲ್ಲಿಸಿದಳು, ಅಷ್ಟೇ. ಮಗರಾಯನೂ ಹುಡುಗಿಯ ಮೆಸೇಜಿಗೆ ಉತ್ತರ ಕೊಡುವುದನ್ನು ಬಿಟ್ಟ. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ನನ್ನ ಒಡಹುಟ್ಟಿದವಳು, ಒಂದೇ ತಟ್ಟೆಯಲ್ಲಿ ಉಂಡವಳು... ಆ ವಾರವೆಲ್ಲ ವಾಕಿಂಗಿಗೆ ಬೇರೆ ದಾರಿ ಹಿಡಿದೆ.

ಶನಿವಾರ ಆಂಟಿ ಎಂದಿನಂತೆ ಬಾಗಿಲು ತಟ್ಟಿದರು. "ನೀ ಯಾಕ ಮಾರಿ ಮುಚ್ಕೊಂಡು ಅಡ್ಡಾಡಾಕತ್ತಿ? ನಿಂದೇನ್ ತಪ್ಪು ಇದರಾಗ?" ಅಂದರು. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ಅಂದಿನ ಕಾಲ್‌ನಲ್ಲಿ ಸಿಸ್ಟರ್ ಹಿಗ್ಗಿಹೋಗಿದ್ದರು. ತಾಯಂದಿರು ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರಂತೆ, ಕೆಲವರು ಹೆಣ್ಣುಮಕ್ಕಳನ್ನು ಕರೆತಂದರಂತೆ. "ಎಲ್ಲರದೂ ಒಂದೇ ಪ್ರಶ್ನೆ. ಆ ಮಗಳ ಮದುವೆ ಆಯಿತಾ?" ಅಂತ ಕೇಳಿದರು.

ಪರದೆಯ ಮೇಲಿನ ನಮ್ಮವರ ಮುಖಗಳೆಲ್ಲ ಬಿಗಿದುಕೊಂಡವು. ಅಷ್ಟು ಹೊತ್ತಿಗೆ ವಿಷಯ ಎಲ್ಲರಿಗೂ ಮುಟ್ಟಿತ್ತು. ಹಿರಿಯ ಡಾಕ್ಟರು ಕನ್ನಡಕ ಒರೆಸತೊಡಗಿದರು. ಆಂಟಿ ಮಾತ್ರ ನಕ್ಕು, "ನಾಟ್ ಯೆಟ್, ಸಿಸ್ಟರ್. ಇಂಜೆಕ್ಷನ್ ನಿಲ್ಲಿಸಬೇಡಿ ಅಂತ ಹೇಳಿ" ಅಂದರು. ನಾನು ನೀರು ತರುವ ನೆಪ ಮಾಡಿಕೊಂಡು ಎದ್ದುಹೋದೆ.

ಹೋದ ವರ್ಷ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಅಂಕಲ್ ಮನೆ ಮಾರಿ ಮಗಳಿದ್ದ ಡರ್ಹಮ್‌ಗೆ ಹೋದರು. ಅವಳು ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಜೊತೆಯಲ್ಲಿ ಕೆಲಸ ಮಾಡುವ ಹುಡುಗನನ್ನೇ ಮೆಚ್ಚಿಕೊಂಡಳು. ನಾನು ಹೊರಟಿದ್ದು ಅದೇ ಮದುವೆಗೆ. ಅಕ್ಷತೆ ಹಾಕಲು ಹೋದಾಗ ಅವಳ ಕಣ್ಣು ನನ್ನ ಹೆಗಲ ಮೇಲೆ ನಿಂತಿತು. "ಆಂಟಿ, ಆ ಪಿನ್... ಅಮ್ಮಂದಾ?" ಅಂದಳು. ಬಿಚ್ಚಿ ಕೊಡಲು ಹೋದೆ. "ನೋ ನೋ, ನಿಮ್ಮ ಹತ್ರ ಇರ್ಲಿ" ಅಂತ ನನ್ನ ಕೈ ಹಿಡಿದುಕೊಂಡಳು. ಅಕ್ಕನಿಗೂ ಕರೆಯೋಲೆ ಹೋಗಿತ್ತು, ಅವಳು ಬರಲಿಲ್ಲ.

ವಾಪಸು ಬಂದ ಮೇಲಿನ ಶನಿವಾರ ಸಿಸ್ಟರ್‌ಗೆ ಸುದ್ದಿ ಹೇಳಿದೆ. ಅವರ ಹಿಂದೆ ಬೆಂಚುಗಳ ಮೇಲೆ ತಾಯಂದಿರೂ ಹುಡುಗಿಯರೂ ಇಂಜೆಕ್ಷನ್ನಿಗೆ ಕಾದು ಕೂತಿದ್ದರು. ಹೊಸಬರು ಬಂದಾಗಲೆಲ್ಲ ಈಗಲೂ ಅದೇ ವಿಡಿಯೋ ತೋರಿಸುತ್ತಾರೆ. ಸಿಸ್ಟರ್ ಚಪ್ಪಾಳೆ ತಟ್ಟಿದರು. "ಹಾಗಾದರೆ ನಿಮ್ಮ ಮನೆಗೇ ಬಂದಳು, ಅಲ್ಲವಾ?"

ಹೌದು ಅಂದುಬಿಡುವುದು ಸುಲಭವಿತ್ತು.

"ಇಲ್ಲ ಸಿಸ್ಟರ್. ಅವರಮ್ಮನ ಕಾಯಿಲೆ ಗೊತ್ತಾದ ಮೇಲೆ ನಮ್ಮ ಮನೆಯವರು ಹಿಂದೆ ಸರಿದರು. ಅವಳನ್ನು ಬೇರೆ ಒಳ್ಳೆಯ ಹುಡುಗ ಮದುವೆಯಾದ."

ಸಿಸ್ಟರ್ ತಿರುಗಿ ತಮ್ಮ ಭಾಷೆಯಲ್ಲಿ ಅದನ್ನು ಹೇಳಿದರು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಮುಂದಿನ ಬೆಂಚಿನಲ್ಲಿ ಮಗಳನ್ನು ತೊಡೆಗೆ ಒರಗಿಸಿಕೊಂಡಿದ್ದ ಹೆಂಗಸು ಏನೋ ಕೇಳಿದಳು.

"ನಿಮ್ಮಲ್ಲೂ ನಮ್ಮ ಹಾಗೇನಾ ಅಂತ ಕೇಳುತ್ತಿದ್ದಾಳೆ" ಅಂದರು ಸಿಸ್ಟರ್.

"ಹೌದು, ನಮ್ಮಲ್ಲೂ ಹಾಗೇ" ಅಂದೆ.

ನೀರಿನ ನೆಪ ಮಾಡಿ ಏಳಬೇಕು ಅನ್ನಿಸಿತು. ಏಳಲಿಲ್ಲ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆಂಟಿ ಕೂರುತ್ತಿದ್ದ ಪಕ್ಕದ ಕುರ್ಚಿಯಿಂದ ಯಾವ ಸದ್ದೂ ಬರುತ್ತಿರಲಿಲ್ಲ...