ಮಲ್ಲೇಶ್ವರಿ ಹಾಸು ಹಿಡಿಸಿ ನಡೆಸಿದ್ದು

ಮಲ್ಲೇಶ್ವರಿಯ ಬಾಯಿಗೆ ನಾರಾಯಣಪೇಟೆಯ ಮಗ್ಗದ ಓಣಿಯೆಲ್ಲ ಹೆದರುತ್ತದೆ. ಹೆದರಬೇಕಾದ್ದೇ ಬಿಡಿ. ಮಕ್ತಲ್‌ನಿಂದ ಹದಿನೆಂಟಕ್ಕೆ ಸೊಸೆಯಾಗಿ ಬಂದವಳಿಗೆ ಈಗ ನಲವತ್ತು. ಇಷ್ಟು ವರ್ಷದಲ್ಲಿ ಆಕೆ ನಿಂತು ಬೈಯದ ಬಾಗಿಲಿಲ್ಲ, ಹೆರಿಗೆಗೋ ಜ್ವರಕ್ಕೋ ಓಡಿಹೋಗದ ಬಾಗಿಲೂ ಇಲ್ಲ. ಅಂಥ ಹೆಂಗಸು ಎರಡು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು ಎಂದರೆ ಯಾರು ನಂಬುತ್ತಾರೆ?

ಆ ಮಾತು ಗಂಡ ಅಂಜಯ್ಯನ ಕಣ್ಣಿನದು. ಅವನಿಗೆ ಚಾಳೀಸು ಬಂದಿತ್ತು. ಹತ್ತಿರದ್ದು ಕಾಣುತ್ತಿರಲಿಲ್ಲ, ಮಗ್ಗದಲ್ಲಿ ಎಳೆ ಹರಿದರೂ ಗೊತ್ತಾಗದೆ ಹಾಗೇ ನೇಯ್ದುಬಿಡುತ್ತಿದ್ದ. ಒಂದು ಕನ್ನಡಕ ಹಾಕಿಕೊಂಡರೆ ಆಯಿತಲ್ಲ ಎನ್ನುತ್ತೀರಿ. ಹೇಳುವುದು ಸುಲಭ! ಆ ಓಣಿಗೆ ನೂಲು ಕೊಡುವ ಸಾಹುಕಾರ ಸುರೇಂದರ್‌ನದೊಂದು ಕಟ್ಟಳೆಯಿತ್ತು. ಕನ್ನಡಕ ಏರಿದ ಮೂಗಿಗೆ ಸಣ್ಣ ನೂಲಿಲ್ಲ, ಜರಿಯಿಲ್ಲ. ದಪ್ಪ ನೂಲಿನ ಟವೆಲ್ಲು ನೇಯಬೇಕು. ಹನ್ನೆರಡನೇ ವಯಸ್ಸಿನಿಂದ ಜರಿ ಅಂಚಿನ ಸೀರೆ ನೇಯ್ದ ಅಂಜಯ್ಯ, ಟವೆಲ್ಲಿಗೆ ಇಳಿಯುವುದಕ್ಕಿಂತ ಕುರುಡನಾಗುವುದೇ ವಾಸಿ ಎನ್ನುವ ಆಸಾಮಿ. ಹೀಗಾಗಿ ಅವನು ಚಹಾಕ್ಕೆಂದು ಹೊರಬಿದ್ದಾಗಲೆಲ್ಲ ಮಲ್ಲೇಶ್ವರಿ ಸೂಜಿ ಹಿಡಿದು ಮಗ್ಗದ ಮುಂದೆ ಕೂರುತ್ತಿದ್ದಳು. ಅವನು ಬಿಟ್ಟ ಎಳೆಗಳನ್ನು ಒಂದೊಂದಾಗಿ ತುಂಬುತ್ತಿದ್ದಳು. ಹೇಳಿದರೆ ಮನುಷ್ಯ ಮುರಿದುಹೋಗುತ್ತಾನೆಂಬ ಭಯ. ಆದರೆ ತಪ್ಪುಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದವು. ಇನ್ನು ಬಹಳ ದಿನ ಮುಚ್ಚಿಡುವಂತಿರಲಿಲ್ಲ.

ಅಷ್ಟರಲ್ಲಿ ಗದ್ವಾಲದಿಂದ ಕಣ್ಣಿನ ಡಾಕ್ಟರು ನವನೀತಾ ತಮ್ಮ ವ್ಯಾನು ತಗೊಂಡು ಊರು ನೋಡಲು ಬಂದರು. ಮಲ್ಲೇಶ್ವರಿ ದಾರಿಗೆ ಅಡ್ಡ ನಿಂತು ಕೇಳಿದಳು, "ನಮ್ಮ ಓಣ್ಯಾಗ ಕ್ಯಾಂಪ್ ಯಾವಾಗ ಇಡ್ತೀರಿ, ಡಾಕ್ಟರಮ್ಮ?"

"ಇಡಾಕ ನಾ ತಯಾರ್ ಅದೀನಿ. ಮಂದಿ ಬರಬೇಕಲ್ಲ? ಹೋದ ಊರಾಗ ಹನ್ನೊಂದು ಮಂದಿ ಬಂದ್ರು, ಉಳಿದವರು ಬಾಗಿಲ ಮರೆಗೆ ನಿಂತು ನೋಡಿದ್ರು. ಮೊದಲು ಒಂದು ಸೇವಾ ನಡಿಗೆ ಮಾಡ್ರಿ. ನೂರು ಮಂದಿ ಕೂಡಿ ಶಾಲಿ ಮೈದಾನಕ್ಕ ನಡಕೊಂಡು ಬರ್ರಿ. ಅವತ್ತೇ ಕಣ್ಣು ನೋಡಿ, ಅವತ್ತೇ ಕನ್ನಡಕ ಕೊಡ್ತೀನಿ. ಮುದುಕರನ್ನ ಕೈಹಿಡಿದು ಕೂಡ್ಸಾಕ, ಹೆಸರು ಬರಿಯಾಕ ನಿಮ್ಮವರೇ ಬೇಕು."

"ನೂರೇನು, ಇನ್ನೂರು ತರ್ತೀನಿ," ಎಂದಳು ಮಲ್ಲೇಶ್ವರಿ. ಬಾಯಿ ನೋಡಿ!

ಭಾನುವಾರ ಬೆಳಗ್ಗೆ ಆರಕ್ಕೆ ನಡಿಗೆ ಎಂದು ಮನೆಮನೆಗೂ ಹೇಳಿಬಂದಳು. ಬಂದವರು ಏಳು ಮಂದಿ. ಅದರಲ್ಲಿ ನಾಲ್ವರು ಉಪ್ಪಿಟ್ಟಿನ ವಾಸನೆಗೆ ಬಂದವರು, ಒಬ್ಬ ಕಳೆದುಹೋದ ಮೇಕೆಯನ್ನು ಹುಡುಕುತ್ತ ಬಂದವನು. ನೇಕಾರರ ಮನೆಯವಳಾಗಿ ಆರು ಗಂಟೆಯ ಹೊತ್ತು ಇಟ್ಟಳಲ್ಲ, ಅವಳ ತಲೆಗೇನಾಗಿತ್ತೋ! ಅದು ಹಾಸಿನ ಎಳೆಗೆ ಗಂಜಿ ಹಾಕುವ ಹೊತ್ತು. ಸೀರೆಯ ಉದ್ದದ ಎಳೆಗಳೇ ಹಾಸು. ಅವನ್ನು ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಬಳಿದು, ಬಿಸಿಲೇರುವುದರೊಳಗೆ ತೀಡಿ ಒಣಗಿಸಬೇಕು. ಯಾರ ಮನೆಯ ಹಾಸೇ ಇರಲಿ, ಬೀದಿಗೆ ಬಂತೆಂದರೆ ಓಣಿಯವರೆಲ್ಲ ಕರೆಯದೆ ಬಂದು ಕೈಹಾಕುತ್ತಾರೆ. ಮುನಿಸಿದ್ದವರೂ ಬರುತ್ತಾರೆ. ಆ ಕೆಲಸಕ್ಕೆ ಯಾರೂ ಇಲ್ಲ ಅಂದದ್ದಿಲ್ಲ.

ಹೊತ್ತು ಒಂದು ನೆಪ ಅಷ್ಟೇ. ನಿಜವನ್ನು ಪಕ್ಕದ ಮನೆಯ ಕುರುಮಮ್ಮ ಒದರಿದಳು: "ಕಣ್ಣಿನ ನಡಿಗಿಗೆ ಬಂದ್ರ ನನ್ನ ಕಣ್ಣು ಹೋಗ್ಯಾವ ಅಂತ ಸಾವ್ಕಾರ್ಗ ಡಂಗುರ ಹೊಡದಂಗ ಅಲ್ಲೇನವಾ?"

ಡಾಕ್ಟರು ಇನ್ನೊಂದೇ ಭಾನುವಾರ ಕಾಯುತ್ತೇನೆ, ಆಮೇಲೆ ವ್ಯಾನು ಮರಿಕಲ್‌ಗೆ ಎಂದರು. ಮಲ್ಲೇಶ್ವರಿಗೆ ಅಳು ಬಂತು. ಅತ್ತಳು ಕೂಡ, ಒಲೆಯ ಮುಂದೆ, ಹೊಗೆಯ ಮೇಲೆ ತಪ್ಪು ಹಾಕಿ. ಆದರೆ ಮರುದಿನ ಬೆಳಗ್ಗೆ ಅದೇ ಓಣಿಯ ನೇಕಾರ ನಾಗಯ್ಯನ ಹಾಸಿನ ಮೇಲೆ ಐವತ್ತು ಕೈ ಬಿದ್ದದ್ದನ್ನು ನೋಡಿ ಅವಳ ಕಣ್ಣು ಹೊಳೆಯಿತು.

ಮುಂದಿನ ಭಾನುವಾರ ತಮ್ಮ ಮನೆಯ ಹಾಸನ್ನು ಬೀದಿಗೆ ತೆಗೆಸಿದಳು. ಸುರೇಂದರ್ ಕೊಟ್ಟ ಸಣ್ಣ ನೂಲು, ಸಾವಿರಾರು ಎಳೆ. ವಾಡಿಕೆಯಂತೆ ಓಣಿಯೆಲ್ಲ ಬಂತು. ಗಂಜಿ ಬಳಿದದ್ದಾಯಿತು, ತೀಡಿದ್ದಾಯಿತು. ಗೂಟದಿಂದ ಬಿಚ್ಚಿ ಸುತ್ತಲೆಂದು ಅರವತ್ತು ಮಂದಿ ಎರಡೂ ಬದಿಗೆ ನಿಂತು ಹಾಸನ್ನು ಕೈಯಲ್ಲಿ ಹಿಡಿದ ಗಳಿಗೆಯಲ್ಲಿ ಮಲ್ಲೇಶ್ವರಿ ಕೂಗಿದಳು, "ಸುತ್ತಬ್ಯಾಡ್ರಿ! ಹಿಂಗೇ ಹಿಡ್ಕೊಂಡು ನಡೀರಿ, ಶಾಲಿ ಮೈದಾನಕ್ಕ!"

"ಹುಚ್ಚು ಹಿಡದೈತೇನ ನಿನಗ?" ಎಂದಳು ಕುರುಮಮ್ಮ.

"ಹಿಡದೈತಿ. ಬ್ಯಾಡಂದ್ರ ಕೈಬಿಡು ನೋಡೋಣ."

ಕೈಬಿಡುವುದು ಹೇಗೆ? ಒಬ್ಬರು ಬಿಟ್ಟರೂ ಎಳೆಗಳು ಮಣ್ಣಿಗೆ ಬಿದ್ದು ಸಿಕ್ಕಾಗುತ್ತವೆ. ನೇಕಾರ ಹೆಂಡತಿಯ ಕೈ ಬಿಟ್ಟಾನು, ಹಾಸಿನ ಕೈ ಬಿಡುವುದಿಲ್ಲ. ಕುರುಮಮ್ಮ ಶಾಪ ಹಾಕುತ್ತಲೇ ಹೆಜ್ಜೆಯಿಟ್ಟಳು. ಎಲ್ಲರೂ ಹೆಜ್ಜೆಯಿಟ್ಟರು.

ಹಾಸಿನ ತುದಿ ಹಿಡಿದವನು ಅಂಜಯ್ಯ. ಹೆಂಡತಿಯ ಹುನ್ನಾರ ಅವನಿಗೂ ಗೊತ್ತಿರಲಿಲ್ಲ, ಪಾಪ. ಓಣಿಯ ಮೂಲೆಯಲ್ಲಿ ತಿರುಗುವಾಗ ಎಲ್ಲರ ಜೀವ ಬಾಯಿಗೆ ಬಂತು. ಅವನು ಕಣ್ಣು ಮುಚ್ಚಿ, ಬೆರಳಲ್ಲೇ ಎಳೆಗಳ ಬಿಗಿ ನೋಡಿ, "ಎಡಗಡಿಯವರು ಸಡಲ ಬಿಡ್ರಿ... ಬಲಗಡಿಯವರು ಜಗ್ಗ್ರಿ... ಹಾಂ, ಬರ್ರಿ!" ಎಂದ. ಹಾಸು ಒಂದೆಳೆಯೂ ಹರಿಯದೆ ತಿರುಗಿತು. ಓಣಿಯವರು ಶಿಳ್ಳೆ ಹೊಡೆದರು. ದೊಡ್ಡ ರಸ್ತೆಯಲ್ಲಿ ಬಸ್ಸು ನಿಂತಿತು. ಹಾಸು ಬೀದಿಯಲ್ಲಿ ಕಂಡಮೇಲೆ ಬೇರೆ ಓಣಿಯ ನೇಕಾರರು ಸುಮ್ಮನಿರುತ್ತಾರೆಯೇ? ಅವರೂ ಓಡಿಬಂದು ಕೈಹಾಕಿದರು. ಕೈಹಾಕಲು ಜಾಗ ಸಿಗದವರು ಹಿಂದೆ ನಡೆದರು. ಮೈದಾನ ಮುಟ್ಟುವಾಗ ಡಾಕ್ಟರು ನೂರ ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟರು.

ಅಲ್ಲಿಗೆ ಸ್ಕೂಟರಿನಲ್ಲಿ ಬಂದ ನೋಡಿ ಸುರೇಂದರ್, ಕೆಂಡಾಮಂಡಲವಾಗಿ. "ಯಾರ್ ನೂಲು ಅನ್ಕೊಂಡ್ರಿ ಇದು? ಯಾರಿಗೆ ಕೇಳಿ ಹೊತ್ಕೊಂಡು ಬಂದ್ರಿ? ಯಾರ ಕಣ್ಣು ಹೋಗ್ಯಾವ ಇಲ್ಲಿ, ಹೇಳ್ರಿ!"

ಮಲ್ಲೇಶ್ವರಿ ಬಾಯಿ ತೆಗೆಯುವ ಮೊದಲೇ ಅಂಜಯ್ಯ ಮಾತಾಡಿದ.

"ನನ್ನವು ಸಾವ್ಕಾರ್ರ. ಎರಡು ವರ್ಷ ಆತು, ಎಳಿ ಕಾಣಂಗಿಲ್ಲ. ಟವೆಲ್ ಕೊಡ್ತೀರೋ, ಏನೂ ಕೊಡಂಗಿಲ್ಲೋ, ನಿಮ್ಮಿಷ್ಟ. ನನಗ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗೈತಿ."

"ನನಗೂ ಕಾಣಂಗಿಲ್ರಿ," ಎಂದ ಹಿಂದಿನಿಂದ ನಾಗಯ್ಯ. "ನನಗೂ!" ಎಂದಳು ಕುರುಮಮ್ಮ, ಜಗಳಕ್ಕೆ ಕರೆದ ಹಾಗೆ. ಆಮೇಲೆ ಸಾಲಿನುದ್ದಕ್ಕೂ ನನಗೂ, ನನಗೂ ಎಂಬ ದನಿ ಹರಿದುಹೋಯಿತು. ಸುರೇಂದರ್ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಇವರಿಗೆಲ್ಲ ಟವೆಲ್ಲು ಕೊಟ್ಟರೆ ಸೀರೆ ಯಾರು ನೇಯಬೇಕು? ಅಷ್ಟರಲ್ಲಿ ಡಾಕ್ಟರು ಅವನ ಕೈಗೇ ಅಕ್ಷರದ ಚೀಟಿ ಕೊಟ್ಟು, "ಸ್ವಲ್ಪ ಓದ್ರಿ," ಎಂದರು. ಅವನು ಚೀಟಿಯನ್ನು ದೂರ ಹಿಡಿದ. ಇನ್ನೂ ದೂರ ಹಿಡಿದ. ಕೈಯ ಉದ್ದವೇ ಮುಗಿಯಿತು, ಅಕ್ಷರ ಕಾಣಲಿಲ್ಲ. ಮೈದಾನವೆಲ್ಲ ನಕ್ಕಿತು.

"ಕನ್ನಡಕ ಹಾಕ್ಕೊಂಡೇ ನೇಯ್ರಿ. ನಾನ್ಯಾವಾಗ ಬ್ಯಾಡ ಅಂದೀನಿ?" ಎಂದು ಸಾಹುಕಾರ ತಾನೂ ಸಾಲಿನಲ್ಲಿ ನಿಂತ. ಭಂಡತನ ಅಂದರೆ ಅದು.

ಹಾಸನ್ನು ಮೈದಾನದಲ್ಲೇ ಸುತ್ತಿಸಿದ ಮೇಲೆ ಸಂಜೆಯವರೆಗೆ ಮಲ್ಲೇಶ್ವರಿ ಕೂರಲಿಲ್ಲ. ಮುದುಕರನ್ನು ಕೈಹಿಡಿದು ತಂದಳು, ಬೈದಳು, ನೀರು ಕೊಟ್ಟಳು. ಮನೆಗೆ ಬಂದಾಗ ಅಂಜಯ್ಯ ಹೊಸ ಕನ್ನಡಕ ಹಾಕಿಕೊಂಡು, ಮಗ್ಗದ ಮೇಲೆ ಉಳಿದಿದ್ದ ಹಳೆಯ ಸೀರೆಯ ಸೆರಗನ್ನು ಬೆರಳಿಂದ ಸವರುತ್ತ ಕೂತಿದ್ದ.

"ಮಲ್ಲಿ, ಈ ಎಳಿ ನನ್ನ ಕೈದಲ್ಲ. ಇದೂ ಅಲ್ಲ. ಸೂಜಿಲೆ ತುಂಬೈತಿ." ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನನ್ನ ಸೀರಿ, ನನ್ನ ಸೀರಿ ಅಂತ ಎದಿ ಉಬ್ಬಿಸ್ಕೊಂಡು ತಿರುಗಿದ್ನಲ್ಲ... ಎಲ್ಲಾದ್ರಾಗೂ ನೀನೇ ಇದ್ದಿ."

ಮಲ್ಲೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗೂಡಿನಲ್ಲಿ ಬಚ್ಚಿಟ್ಟಿದ್ದ ಸೂಜಿ ದಾರ ತಂದು ಅವನ ಕೈಗಿಟ್ಟಳು.

"ಈಗ ಕಾಣ್ತೈತಲ್ರಿ? ಇನ್ನ ನೀವೇ ತುಂಬ್ಕೊಳ್ರಿ."

ಅಂಜಯ್ಯ ಸೂಜಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಮೊದಲನೇ ಸಲಕ್ಕೇ ದಾರ ಪೋಣಿಸಿದ.