ರಚನೆ: ಜಾನಪದ

ಮೊನ್ನೆ ಬೀರು ಚೊಕ್ಕಟ ಮಾಡುವಾಗ ಸೀರೆಗಳ ಸಂದಿಯಿಂದ ಒಂದು ಸುಣ್ಣದ ಡಬ್ಬಿ ಉರುಳಿತು. ಮುಚ್ಚಳ ತೆಗೆದೆ. ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು, ಆದರೂ ಹೊಗೆಸೊಪ್ಪಿನ ವಾಸನೆ ಸ್ವಲ್ಪ ಉಳಿದಿತ್ತು... ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅದು ಬೆಳಕವಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪದದಜ್ಜಿಯದು. ಸುತ್ತಲ ಊರುಗಳಲ್ಲಿ ಯಾರ ಮನೆಯ ಮುಂದೆ ಮದುವೆ ಚಪ್ಪರ ಎದ್ದರೂ ಸೋಬಾನೆ ಹಾಡಲು ಅಜ್ಜಿಗೇ ಕರೆ. ಹಾಡಿನ ಕೊನೆಯ ಸಾಲಿಗೆ ಆಯಾ ಮದುಮಗಳ ಹೆಸರು ಸೇರಿಸುವುದು ಅವಳ ಪದ್ಧತಿ. ನನ್ನ ಮದುವೆಯಲ್ಲಿ ನನ್ನ ಹೆಸರು ಬಂದಾಗ ಅತ್ತು ಕಾಡಿಗೆಯೆಲ್ಲ ಕದಡಿಕೊಂಡಿದ್ದೆ. ಅಜ್ಜಿ ಹಾಡು ನಿಲ್ಲಿಸದೆಯೇ ಸೆರಗಿನಿಂದ ನನ್ನ ಮುಖ ಒರೆಸಿದ್ದಳು.

ಮುಂದೆ ಮಂಡ್ಯದಲ್ಲಿ ಕೆಲಸಕ್ಕಿದ್ದಾಗ ನನಗೆ ಮೊಬೈಲಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡುವ ಹುಚ್ಚು ಹತ್ತಿತು. ಒಂದು ಭಾನುವಾರ ಊರಿಗೆ ಹೋಗಿ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ನನ್ನ ಮದುವೆಯಲ್ಲಿ ಹಾಡಿದ್ದನ್ನೇ ಹಾಡು ಎಂದೆ. ಅಜ್ಜಿ ಈ ಡಬ್ಬಿಯನ್ನು ಟಿಕ್ಕೆಂದು ಮುಚ್ಚಿ ಹಾಡಿದಳು. ಕೊನೆಯ ಸಾಲಿನಲ್ಲಿ 'ಸಣ್ಣತಾಯಿ' ಎಂದಳು. ಯಾರಜ್ಜಿ ಅದು ಎಂದು ಕೇಳಿದೆ.

"ಇದ್ದೊಬ್ಬ ಮಗ್ಳು ಕಣವ್ವ. ಅವ್ಳ ಮದ್ವೆಗೆ ಅಂತ ನಾನೇ ಕಟ್ಟಿದ್ ಪದ ಇದು. ಚಪ್ಪರ ಆಕೋಕ್ ಮುಂಚೇನೆ ಜ್ವರ ಬಂದು ಓಗ್ಬುಟ್ಲು. ಅವ್ಳ ಎಸ್ರಾಕಿ ಆಡಿದ್ದು ಇವತ್ತೇ... ಇದ ಅಂಗೇ ಮಡಗವ್ವ."

ಹಾಡನ್ನು ಜನ ಕೇಳಲಿ ಎಂದು, ಆನ್‌ಲೈನಿನಲ್ಲಿ ಹಾಡು ಹಾಕಿಕೊಡುವ ಕಂಪನಿಯೊಂದರ ಅರ್ಜಿ ತುಂಬಿದೆ. ಅಕ್ಷರ, ಅಂಕಿ ಸೇರಿ ಹನ್ನೆರಡಿರುವ ಒಂದು ಕೋಡ್ ಬಂತು. ಅದು ನಾನು ಮಾಡಿದ ರೆಕಾರ್ಡಿಂಗಿನ ಗುರುತು ಮಾತ್ರ. ಅದೇ ಹಾಡನ್ನು ಇನ್ನೊಬ್ಬರು ಹಾಡಿದರೆ ಅದಕ್ಕೆ ಬೇರೆ ಕೋಡ್. ಹಾಡಿಗೇ ಮತ್ತೊಂದು ಕೋಡ್ ಪಡೆಯಬಹುದಿತ್ತು. ಆಗ ಯಾರು ಹಾಡಿದರೂ ಕಟ್ಟಿದವರ ಹೆಸರು ಜೊತೆಗೇ ಹೋಗುತ್ತಿತ್ತು. ಅದಕ್ಕೆ ಅಜ್ಜಿಯ ಸಹಿ ಬೇಕಿತ್ತು. ಮತ್ತೆ ಬಸ್ಸು ಹತ್ತಬೇಕಲ್ಲ ಎಂದು ನನಗೆ ಸೋಮಾರಿತನ. ಅಜ್ಜಿಯರ ಹಾಡೆಲ್ಲ ಜಾನಪದವೇ ತಾನೆ ಎಂದುಕೊಂಡು, 'ರಚನೆ' ಎಂದಿದ್ದ ಕಡೆ 'ಜಾನಪದ' ಎಂದು ತುಂಬಿದೆ. ಒಂದು ಭಾನುವಾರ ಉಳಿಯಿತು ಎಂದು ಖುಷಿಯನ್ನೂ ಪಟ್ಟೆ, ದಡ್ಡಿ.

ಎರಡು ವರ್ಷ ಕಳೆದ ಮೇಲೆ ಮದ್ದೂರಿನ ಕಲ್ಯಾಣ ಮಂಟಪದಲ್ಲಿ ನಮ್ಮೂರಿನವರ ಮದುವೆ. ಅಜ್ಜಿಯೂ ಬಂದಿದ್ದಳು, ಆದರೆ ಯಾರೂ ಹಾಡು ಎನ್ನಲಿಲ್ಲ. ಊಟಕ್ಕೆ ನನ್ನ ಪಕ್ಕ ಕೂತಿದ್ದಾಗ ಸ್ಪೀಕರಿನಲ್ಲಿ ಅದೇ ಹಾಡು ಬಂತು, ಕೀಬೋರ್ಡು, ತಬಲ ಸಮೇತ, ಯಾರದೋ ಎಳೆಯ ದನಿಯಲ್ಲಿ. ಅಜ್ಜಿ ತುತ್ತನ್ನು ಕೈಯಲ್ಲೇ ಹಿಡಿದು ಕಾದಳು. ಕೊನೆಯ ಸಾಲಿನಲ್ಲಿ ಸಣ್ಣತಾಯಿ ಇರಲಿಲ್ಲ. ಅವಳಿದ್ದ ಕಡೆ 'ಮುದ್ದು ಮದುಮಗಳು' ಎಂದಿತ್ತು.

"ನನ್ ಮಗೀನ ಎಸ್ರ ಎಲ್ ಬುಟ್ರವ್ವ?" ಎಂದಳು ಅಜ್ಜಿ, ಮೆಲ್ಲಗೆ.

ಮೊಬೈಲಿನಲ್ಲಿ ಹುಡುಕಿ ನೋಡಿದೆ. ಹೊಸ ರೆಕಾರ್ಡಿಂಗು, ಹೊಸ ಕೋಡ್. ರಚನೆ: ಜಾನಪದ. ಹಾಡಿದ ಹುಡುಗಿಯದೇನೂ ತಪ್ಪಿಲ್ಲ. ಅಜ್ಜಿಯ ಹಾಡನ್ನು ಕಟ್ಟಿದವರಿಲ್ಲದ ಹಾಡು ಮಾಡಿದವಳು ನಾನು. ಅದನ್ನು ಹೇಳುವ ಧೈರ್ಯ ಬರಲಿಲ್ಲ. "ಸರಿ ಮಾಡಿಸ್ತೀನಿ ಬುಡಜ್ಜಿ" ಎಂದೆನಷ್ಟೆ. ಅಜ್ಜಿ ಡಬ್ಬಿಯನ್ನು ಎಲೆಯ ಪಕ್ಕ ಮರೆತು ಎದ್ದು ಹೋದಳು. ಸಹಿ ಹಾಕಿಸಲು ಹೋದಾಗ ಕೊಟ್ಟರಾಯಿತು ಎಂದು ಎತ್ತಿಟ್ಟುಕೊಂಡೆ. ಇವತ್ತು, ನಾಳೆ ಎನ್ನುತ್ತಿದ್ದೆ... ಅಷ್ಟರಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂತು.

ಆಮೇಲೆ ಕಂಪನಿಗೆ ಎಷ್ಟು ಸಲ ಬರೆದೆನೋ. ಹಾಡು ಕಟ್ಟಿದವರ ಸಹಿ ಬೇಕು, ಅವರಿಲ್ಲದಿದ್ದರೆ ವಾರಸುದಾರರದು, ಎನ್ನುತ್ತಾರೆ. ಅಜ್ಜಿಗಿದ್ದ ಒಬ್ಬಳೇ ವಾರಸುದಾರಳು ಆ ಹಾಡಿನ ಕೊನೆಯ ಸಾಲಿನಲ್ಲಿದ್ದಾಳೆ.

ಕೂತಲ್ಲೇ ಡಬ್ಬಿಯ ಮುಚ್ಚಳ ಹಾಕಿದೆ. ಟಿಕ್ಕೆಂದಿತು. ನನ್ನ ರೆಕಾರ್ಡಿಂಗೂ ಇದೇ ಸದ್ದಿನಿಂದ ಶುರುವಾಗುತ್ತದೆ, ಅದಾದ ಮೇಲೆ ಅಜ್ಜಿ ಹಾಡುತ್ತಾಳೆ. ಸುಮ್ಮನೆ ಕಾದೆ... ಮನೆಯಲ್ಲಿ ಯಾರೂ ಹಾಡಲಿಲ್ಲ.