ತಂಗಿಯ ತಲೆಗೆ ಕಟ್ಟಿದ್ದು

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳಹೋದರೆ ನನಗೆ ಅನುಕೂಲವಾಗುವಂತೆ ತಿರುಗಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೀಣ್ಯದಲ್ಲಿ ತಗಡು ಕತ್ತರಿಸುವ ಶೆಡ್ಡಿನಲ್ಲಿ ನಾನು ಮೆಷಿನ್ ಮೇಲೆ, ತಂಗಿ ಪ್ಯಾಕಿಂಗ್‌ನಲ್ಲಿ. ನಮ್ಮೂರು ಮಾಕಳಿಯಿಂದ ಒಂದೇ ಬೈಕಿನಲ್ಲಿ ಹೋಗಿಬರುತ್ತಿದ್ದೆವು. ತಗಡಿನ ದೊಡ್ಡ ಸುರುಳಿಗಳು ಲಾರಿ ಚಕ್ರದ ಹಾಗೆ ನೆಲದ ಮೇಲೆ ನಿಂತಿರುತ್ತವೆ. ಉರುಳದಂತೆ ಎರಡೂ ಕಡೆ ಮರದ ತುಂಡು ಕೊಟ್ಟಿರುತ್ತೇವೆ.

ಆಯುಧಪೂಜೆಗೆ ಶೆಡ್ ತೊಳೆಯುವಾಗ ಒಂದು ಸುರುಳಿಯ ಕೆಳಗೆ ಗ್ರೀಸ್ ಹೆಪ್ಪುಗಟ್ಟಿತ್ತು. ಮುಂದಿನ ತುಂಡು ತೆಗೆದು ನೀರು ಬಿಟ್ಟೆ. ಒಣಗಿದ ಮೇಲೆ ಇಟ್ಟರಾಯಿತು ಎಂದುಕೊಂಡು ಬೂದುಗುಂಬಳ ತರಲು ಹೋದೆ. ತಂಗಿ ಅದರ ಮುಂದೆಯೇ ರಂಗೋಲಿ ಬಿಡಲು ಕುಳಿತಳು. ಯಾರೋ ತಳ್ಳಿಕೊಂಡು ಬಂದ ಟ್ರಾಲಿ ಹಿಂದಿನಿಂದ ಸುರುಳಿಗೆ ತಾಗಿತು. ನಾನು ಬರುವಷ್ಟರಲ್ಲಿ ಸುರುಳಿ ಅವಳ ಕಾಲಿನ ಮೇಲಿತ್ತು. ಆಸ್ಪತ್ರೆಯಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

"ತುಂಡು ತೆಗೆದೋರು ಯಾರ್ರೋ?" ಎಂದು ಓನರ್ ಕೇಳಿದರು. ನಾನೇ ಬಾಯಿಬಿಟ್ಟೆ: "ರಂಗೋಲಿಗೆ ಜಾಗ ಸಾಲ್ದೆ ಅವಳೇ ತೆಗ್ದಿರ್ಬೇಕು ಸಾರ್."

ತಂಗಿಗೆ ಆ ಹೊತ್ತಿನದೇನೂ ನೆನಪಿರಲಿಲ್ಲ. ಅಮ್ಮ ಹಾಸಿಗೆಯ ಪಕ್ಕ ಕುಳಿತು, "ನಿನ್ ರಂಗೋಲಿ ಹುಚ್ಚೇ ನಿನ್ನ ತಿಂತಲ್ಲೇ" ಎಂದು ಅತ್ತಳು. ಮೊದಮೊದಲು ಅನುಮಾನಿಸುತ್ತಿದ್ದ ತಂಗಿ ಬರಬರುತ್ತಾ, "ನಾನೇ ತೆಗ್ದೆ" ಎನ್ನತೊಡಗಿದಳು. ನಾನು ಅದನ್ನು ತಿದ್ದಲಿಲ್ಲ.

ಕೃತಕ ಕಾಲು ಹಾಕಿಸಿದ ಕಡೆ ಓಟ ಕಲಿಸುವ ಒಬ್ಬ ಕೋಚ್ ಸಿಕ್ಕರು. ಅವರು ಹೇಳಿ ಟ್ರಸ್ಟೊಂದರಿಂದ ಬ್ಲೇಡ್ ಕೊಡಿಸಿದರು, ಓಡುವುದಕ್ಕೆಂದೇ ಮಾಡಿದ ಬಾಗಿದ ಪಟ್ಟಿಯಂಥ ಕಾಲು. ಬೆಳಿಗ್ಗೆ ಸರ್ಕಾರಿ ಶಾಲೆಯ ಮೈದಾನಕ್ಕೆ ನಾನೇ ಕರೆದೊಯ್ಯುತ್ತಿದ್ದೆ. ಮೊದಲ ತಿಂಗಳುಗಳು ಬರೀ ಬೀಳುವುದೇ. ಕತ್ತರಿಸಿ ಉಳಿದ ಕಾಲಿನ ತುದಿ ಬ್ಲೇಡಿಗೆ ಉಜ್ಜಿ, ಕಾಲುಚೀಲ ಬಿಚ್ಚಿದಾಗ ರಕ್ತ.

"ಏನಕ್ಕ, ಸ್ಪ್ರಿಂಗ್ ಹಾಕ್ಕೊಂಡಿದ್ಯಾ?" ಎಂದ ಊರಿನವನೊಬ್ಬ.

"ನಿಂಗೂ ಒಂದು ಕೊಡಿಸ್ತೀನಿ ಕಣೋ. ಮೊದ್ಲು ಕಾಲು ಕುಯ್ಸ್ಕೊಂಡ್ ಬಾ," ಎಂದಳು ತಂಗಿ.

ಮೂರನೇ ವರ್ಷ ಅಂಗವಿಕಲರ ರಾಜ್ಯ ತಂಡದ ಆಯ್ಕೆಗೆ ಓಟದ ದಿನ ಗೊತ್ತಾಯಿತು. ಅದರಲ್ಲಿ ಆಯ್ಕೆಯಾಗುವುದೊಂದೇ ಅವಳ ಆಸೆ. ಹಿಂದಿನ ಸಂಜೆ ಬ್ಲೇಡ್ ಒರೆಸುತ್ತಾ ಕುಳಿತವಳು ಹೇಳಿದಳು: "ಅವತ್ತು ನಾನು ಆ ತುಂಡು ಮುಟ್ದೇ ಇದ್ದಿದ್ರೆ ನಿಂಗೀ ಕಷ್ಟ ಇರ್ತಿರ್ಲಿಲ್ಲ, ಅಣ್ಣ."

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ನನ್ನ ಎದೆ ಹಗುರಾದದ್ದು ನಿಜ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ಇಷ್ಟು ವರ್ಷ ಇಟ್ಕೊಂಡೋನು ಇನ್ನೊಂದು ದಿನ ಇಟ್ಕೊಳ್ಳೋಕಾಗ್ಲಿಲ್ವಾ?"

ಮರುದಿನ ಓಟ ಶುರುವಾದಾಗ ಮುಂದಿದ್ದಳು. ತಿರುವಿನ ನಂತರ ಏನಾಯಿತೋ, ಹೆಜ್ಜೆ ಭಾರವಾಯಿತು. ಒಬ್ಬೊಬ್ಬರಾಗಿ ದಾಟಿಹೋದರು. ಕೊನೆಯವಳಾಗಿ ಮುಗಿಸಿದಳು.

"ಏನಾಯ್ತಮ್ಮಾ ನಿಂಗೆ?" ಎಂದು ಕೋಚ್ ರೇಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ನಂದೇ ತಪ್ಪು ಸಾರ್. ನಿದ್ದೆ ಮಾಡ್ಲಿಲ್ಲ," ಎಂದಳು. ಆಗಲೂ ನಾನು ಬಾಯಿಬಿಡಲಿಲ್ಲ.

ಈಗ ಅವಳು ಮೈದಾನಕ್ಕೆ ಆಟೋದಲ್ಲಿ ಹೋಗುತ್ತಾಳೆ. ಮತ್ತೆ ಆಯ್ಕೆ ಯಾವಾಗಲೋ, ಓಡುವುದನ್ನಂತೂ ಬಿಟ್ಟಿಲ್ಲ. ನನ್ನೊಂದಿಗೆ ಮಾತು ಅಷ್ಟಕ್ಕಷ್ಟೆ. "ಅಮ್ಮಂಗೆ ನೀನೇ ಹೇಳ್ಬೇಕು" ಎಂದದ್ದು ಬಿಟ್ಟರೆ ಆ ವಿಷಯ ಎತ್ತಿಲ್ಲ.

ಕಳೆದ ಭಾನುವಾರ ಹೇಳಿದೆ. ಅಮ್ಮ ರಾಗಿಮುದ್ದೆ ತಿರುವುತ್ತಿದ್ದಳು. ಬೈಯಲಿಲ್ಲ, ಹೊಡೆಯಲಿಲ್ಲ. ಒಲೆ ಆರಿಸಿ, ಕೈ ತೊಳೆದು, ತಂಗಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಇಬ್ಬರೂ ಅಳುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ.